ರಿಯಾದ್ ಡೈರಿ – 41: ಪಾಸ್ ರಿನ್ಯೂ ಮಾಡುವುದಾ, ಬೇಡವಾ?

ಎರಡು ವಾರ ಏನೂ ಬರೆಯಲಿಲ್ಲ ಅಂತ ಪುತ್ತೂರಿನ ಚಿಕ್ಕಮ್ಮ ವಾಟ್ಸಾಪಿನಲ್ಲಿ ಬೈದಿದ್ದಾರೆ. ರಂಜಾನ್ ಹತ್ತಿರ ಬರುವಾಗ ನಮ್ಮ ಡಯಾಲಿಸಿಸ್ ಯೂನಿಟ್‌ನಲ್ಲಿ ಶಿಫ್ಟ್ ಎಲ್ಲ ಅಡಿಮೇಲಾಗ್ತದೆ ಚಿಕ್ಕಮ್ಮ, ಉಪವಾಸ ಮಾಡುವ ಪೇಷಂಟ್‌ಗಳ ಸಮಯ ಬದಲಿಸಬೇಕು, ಅದೇ ಒಂದು ದೊಡ್ಡ ಕೆಲಸ. ಆದರೆ ನಿಜ ಹೇಳಬೇಕಾದರೆ ಬರೆಯದೆ ಇದ್ದದ್ದು ಅದಕ್ಕಲ್ಲ. ಮನೆಯಲ್ಲಿ ಒಂದು ವಿಷಯ ನಡೀತಾ ಇತ್ತು. ಶುರುವಾದದ್ದು ಮಕ್ಕಳ ಆಟದ ಪಾರ್ಕಿನ ಪಾಸಿನಿಂದ.

ಹಳೇ ಪೋಸ್ಟ್ ಓದಿದವರಿಗೆ ಗೊತ್ತುಂಟು, ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಒಂದು ಮಾಲ್, ಅದರೊಳಗೆ ಮಕ್ಕಳ ಪಾರ್ಕ್. ಹೆಸರು ಬೇಡ. ಸಣ್ಣ ರೋಲರ್ ಕೋಸ್ಟರ್, ಡಿಕ್ಕಿ ಹೊಡೆಯುವ ಕಾರು, ಸುತ್ತ ತಿರುಗುವ ಕುದುರೆ, ಎಲ್ಲ ಎಸಿ ಒಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಗಲು 45 ಡಿಗ್ರಿ. ಹೊರಗೆ ಮಕ್ಕಳನ್ನು ಬಿಡಲಿಕ್ಕೆ ಇಲ್ಲ. ಫ್ಲಾಟಿನಲ್ಲಿ ಕೂಡಿ ಹಾಕಿದರೆ ಸಂಜೆಯೊಳಗೆ ಒಂದೋ ಅವರು ಜಗಳ ಮಾಡ್ತಾರೆ, ಇಲ್ಲ ನಾವು. ಹಾಗಾಗಿ ಹೋದ ವರ್ಷ ಫೆಬ್ರವರಿಯಲ್ಲಿ ವರ್ಷದ ಪಾಸ್ ಮಾಡಿಸಿದ್ದೆ. ಒಂದು ಮಗುವಿಗೆ 650 ರಿಯಾಲ್, ಜೊತೆಗೆ ಬರುವ ಅಪ್ಪ ಅಥವಾ ಅಮ್ಮ ಫ್ರೀ. ಎರಡು ಮಕ್ಕಳಿಗೆ 1,300. ಇವರು ಆಗ, "ಎರಡು ತಿಂಗಳು ಹೋಗ್ತೀರಿ, ಆಮೇಲೆ ಅದು ಪರ್ಸಿನಲ್ಲಿ ಮಲಗ್ತದೆ" ಅಂತ ತಮಾಷೆ ಮಾಡಿದ್ದರು. ವರ್ಷದ ಕೊನೆಗೆ ಆ್ಯಪ್‌ನಲ್ಲಿ ನೋಡಿದರೆ 34 ಸಲ ಹೋಗಿದ್ದೇವೆ! ಇವರಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಉತ್ತರ ಬರಲಿಲ್ಲ.

34 ಸಲದಲ್ಲಿ ಹೆಚ್ಚಿನದ್ದು ವಾರದ ನಡುವೆ. ಯಾಕೆಂದರೆ ಆಗ ನಾನು ವಾರ್ಡಿನಲ್ಲಿದ್ದೆ. ನೈಟ್ ಡ್ಯೂಟಿ ಮುಗಿಸಿ, ಮಧ್ಯಾಹ್ನದವರೆಗೆ ಮಲಗಿ, ಮಕ್ಕಳು ಶಾಲೆಯಿಂದ ಬಂದ ಮೇಲೆ ಕರ್ಕೊಂಡು ಹೋಗುವುದು. ಸೋಮವಾರ, ಮಂಗಳವಾರ ಪಾರ್ಕ್ ಖಾಲಿ. ಮಗ ಒಂದೇ ಕುದುರೆಯ ಮೇಲೆ ಏಳು ಸಲ ಕೂತದ್ದುಂಟು, ಇಳಿಸುವವರೇ ಇಲ್ಲ. ನಾನು ಕುದುರೆಗಳ ಎದುರಿನ ಬೆಂಚಿನಲ್ಲಿ ಕೂತು ಅಮ್ಮನಿಗೆ ವೀಡಿಯೊ ಕಾಲ್ ಮಾಡ್ತಿದ್ದೆ. ಹಿಂದಿನಿಂದ ಆ ಸಂಗೀತ ಕೇಳಿದ ಕೂಡಲೇ ಅಮ್ಮ ಕೇಳುವ ಪ್ರಶ್ನೆ ಒಂದೇ: "ಎಂತ, ಜಾತ್ರೆಯಲ್ಲಿ ಇದ್ದೀಯಾ?" ಅಮ್ಮನ ಲೆಕ್ಕದಲ್ಲಿ ತಿರುಗುವಂಥದ್ದು ಏನೇ ಇದ್ದರೂ ಅದು ಏಪ್ರಿಲ್‌ನಲ್ಲಿ ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಗೆ ಬರುವ ತೊಟ್ಟಿಲೇ.

ಈಗ ನಾನು ಡಯಾಲಿಸಿಸ್‌ಗೆ ಬಂದು ಐದು ತಿಂಗಳಾಯ್ತು. ಇಲ್ಲಿ ಕೆಲವು ಪೇಷಂಟ್‌ಗಳಿಗೆ ಶನಿ-ಸೋಮ-ಬುಧ, ಉಳಿದವರಿಗೆ ಭಾನು-ಮಂಗಳ-ಗುರು. ರಜೆ ಶುಕ್ರವಾರ ಒಂದೇ. ನೈಟ್ ಡ್ಯೂಟಿ ಇಲ್ಲ, ಅದೊಂದು ಪುಣ್ಯ. ಆದರೆ ನನಗೆ ಪಾರ್ಕಿಗೆ ಹೋಗಲಿಕ್ಕೆ ಉಳಿದ ದಿನವೂ ಅದೊಂದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಫೆಬ್ರವರಿ 7, ಶನಿವಾರ. ಎರಡನೇ ಶಿಫ್ಟಿನ ಪೇಷಂಟ್‌ಗಳನ್ನು ಮೆಷಿನ್‌ಗೆ ಹಾಕಿ ಕೈ ತೊಳೆದು ಬಂದು ಮೊಬೈಲ್ ನೋಡ್ತೇನೆ, ಬ್ಯಾಂಕಿನ ಮೆಸೇಜ್. ಕಾರ್ಡಿನಿಂದ 1,700 ರಿಯಾಲ್ ಹೋಗಿದೆ! ನನ್ನ ಎದೆ ಧಸಕ್ಕೆಂದಿತು. ಯಾರೋ ಕದ್ದರು ಅಂತಲೇ ಎಣಿಸಿದ್ದು. ನೋಡಿದರೆ ಪಾರ್ಕಿನವರು. ಹೋದ ವರ್ಷ ಪಾಸ್ ಮಾಡುವಾಗ 'ತಾನಾಗಿ ರಿನ್ಯೂ ಆಗಲಿ' ಅನ್ನುವ ಒಂದು ಸಣ್ಣ ಪೆಟ್ಟಿಗೆಗೆ ಟಿಕ್ ಹಾಕಿದ್ದೆನಂತೆ. ಹಾಕಿದ್ದು ನೆನಪಿಲ್ಲ, ಆದರೆ ಹಾಕಿರ್ತೇನೆ. ಇಮೇಲ್ ಹುಡುಕಿದರೆ ಜನವರಿಯಲ್ಲೇ ಬಂದಿದೆ, ಬಿರಿಯಾನಿ ಆಫರ್, ಶೂ ಆಫರ್‌ಗಳ ನಡುವೆ. 'ನಮ್ಮ ಪ್ರೀತಿಯ ಸದಸ್ಯರಿಗೆ ಹೊಸ ಅನುಭವ' ಅಂತ ತಲೆಬರಹ. ದರ ಏರಿಸುವಾಗ ಯಾರೂ ದರ ಏರಿಸಿದ್ದೇವೆ ಅಂತ ಬರೆಯುವುದಿಲ್ಲ, ಗಮನಿಸಿದ್ದೀರಾ?

ಹೊಸ ಅನುಭವ ಏನಪ್ಪಾ ಅಂದರೆ, ಇದ್ದ ಒಂದು ಪಾಸನ್ನು ಮೂರು ಮಾಡಿದ್ದಾರೆ. ಸಿಲ್ವರ್ 550, ಆದರೆ ಭಾನುವಾರದಿಂದ ಬುಧವಾರದವರೆಗೆ ಮಾತ್ರ, ಶಾಲೆಗೆ ರಜೆ ಇರುವಾಗ ಇಲ್ಲ, ಈದ್‌ಗೆ ಇಲ್ಲ, ಜೊತೆಗೆ ಬರುವ ದೊಡ್ಡವರಿಗೆ ಪ್ರತಿ ಸಲ 30. ಗೋಲ್ಡ್ 850, ಈದ್ ಬಿಟ್ಟು ಎಲ್ಲ ದಿನ, ದೊಡ್ಡವರು ಹತ್ತು ಸಲ ಫ್ರೀ. ಪ್ಲಾಟಿನಂ 1,250, ಎಲ್ಲವೂ ಉಂಟು, ಕ್ಯೂ ಕೂಡ ಇಲ್ಲ. ಹಳೇ ಪಾಸಿನವರನ್ನೆಲ್ಲ ಅವರೇ ಗೋಲ್ಡ್‌ಗೆ ತಳ್ಳಿದ್ದಾರೆ. ವಾರದ ನಡುವೆ ಹೋಗುತ್ತಿದ್ದ ಹಳೇ ನನಗೆ ಸಿಲ್ವರ್ ಸಾಕಿತ್ತು, ಲಾಭವೇ ಆಗ್ತಿತ್ತು. ಶುಕ್ರವಾರ ಮಾತ್ರ ರಜೆ ಇರುವ ಈಗಿನ ನನಗೆ ಸಿಲ್ವರ್ ಯಾವ ಉಪಯೋಗಕ್ಕೂ ಇಲ್ಲ. ಹೊಸ ಪಾಸ್ ಫೆಬ್ರವರಿ 14ರಿಂದ ಶುರು, ಅಷ್ಟರೊಳಗೆ ಬೇಡ ಅಂದರೆ ಹಣ ವಾಪಸ್.

ನನ್ನ ನರ್ಸಿಂಗ್ ಕ್ಲಾಸ್‌ಮೇಟ್ ಒಬ್ಬಳು ಕ್ಯಾಲಿಫೋರ್ನಿಯಾದಲ್ಲಿ ಇದ್ದಾಳೆ. ಅವಳ ಹತ್ತಿರ ಗೋಳು ಹೇಳಿಕೊಂಡರೆ ನಕ್ಕಳು. ಅಲ್ಲಿಯ ಡಿಸ್ನಿಲ್ಯಾಂಡಿನವರು ಕೋವಿಡ್‌ಗೆ ಬಾಗಿಲು ಹಾಕಿದ್ದಾಗ, 2021ರ ಜನವರಿಯಲ್ಲಿ, ವರ್ಷದ ಪಾಸ್ ಪದ್ಧತಿಯನ್ನೇ ನಿಲ್ಲಿಸಿಬಿಟ್ಟರಂತೆ. ಆಗಸ್ಟಿನಲ್ಲಿ 'ಮ್ಯಾಜಿಕ್ ಕೀ' ಅಂತ ಹೊಸ ಹೆಸರಿನಲ್ಲಿ ತಂದರು. ನಾಲ್ಕು ದರ್ಜೆ, 399 ಡಾಲರ್‌ನಿಂದ 1,399 ಡಾಲರ್‌ವರೆಗೆ. ಪಾಸ್ ಇದ್ದರೂ ಹೋಗುವ ದಿನ ಮೊದಲೇ ಬುಕ್ ಮಾಡಬೇಕು. "ನಿನ್ನದು ಮೂರೇ ಮಾರಾಯ್ತಿ, ಸುಮ್ಮನಿರು" ಅಂದಳು. ಅಲ್ಲಿ ಸಿಕ್ಸ್ ಫ್ಲ್ಯಾಗ್ಸ್‌ನವರು 2022ರಲ್ಲಿ ರಿಯಾಯಿತಿ ಕಡಿಮೆ ಮಾಡಿ ದರ ಏರಿಸಿದಾಗ ಜನ ಬರುವುದೇ ಕಡಿಮೆಯಾಯಿತು, ಒಂದೇ ವರ್ಷದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಅದೇ ಸಿಕ್ಸ್ ಫ್ಲ್ಯಾಗ್ಸ್ ಈಗ ನಮ್ಮ ಊರಿಗೂ ಬಂದಿದೆ. ಅದರ ವಿಷಯ ಕೊನೆಗೆ ಹೇಳ್ತೇನೆ.

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಲೆಕ್ಕಕ್ಕೆ ಕೂತೆ. ಪಾಸ್ ಇಲ್ಲದೆ ಹೋದರೆ ಮಗುವಿಗೆ 75, ದೊಡ್ಡವರಿಗೆ 30. ಇಬ್ಬರು ಮಕ್ಕಳು, ಒಬ್ಬ ದೊಡ್ಡವರು ಅಂದರೆ ಒಂದು ಸಲಕ್ಕೆ 180. 1,700 ಅಂದರೆ ಹತ್ತು ಸಲ ಹೋದರೆ ಹುಟ್ಟಿತು. ಹತ್ತು ಶುಕ್ರವಾರ, ಎರಡೂವರೆ ತಿಂಗಳು. ಲೆಕ್ಕ ಸರಿಯೇ ಇತ್ತು. ಗೋಲ್ಡ್ ಇರಲಿ ಬಿಡಿ, ದುಬಾರಿಯಾದರೂ ನಷ್ಟ ಇಲ್ಲ ಅಂದೆ.

ಇವರು ಚಹಾ ಕುಡಿಯುತ್ತಾ, "ಮೊದಲು ಮಾರ್ಚಿನ ಲೆಕ್ಕ ಮುಗಿಯಲಿ" ಅಂದರು.

ಮಾರ್ಚಿನ ಲೆಕ್ಕ ಅಂದರೆ ಇಕಾಮಾ. ಊರಿನವರಲ್ಲಿ ಕೆಲವರಿಗೆ ಇದು ಗೊತ್ತಿಲ್ಲ, ಅಲ್ಲಿ ಎಂತ ಟ್ಯಾಕ್ಸೇ ಇಲ್ಲವಲ್ಲ ಅಂತ ಕೇಳ್ತಾರೆ, ಅದಕ್ಕೆ ಬಿಡಿಸಿ ಹೇಳ್ತೇನೆ. ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಹೌದು. ವ್ಯಾಟ್ ಉಂಟು, 2018ರಲ್ಲಿ 5 ಪರ್ಸೆಂಟ್ ಇದ್ದದ್ದು 2020ರ ಜುಲೈಯಿಂದ 15. ಇನ್ನು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುವವರು ಹೆಂಡತಿ-ಮಕ್ಕಳನ್ನು ಇಟ್ಟುಕೊಂಡರೆ ತಲೆಗೆ ಇಷ್ಟು ಅಂತ ಫೀಸು. 2017ರ ಜುಲೈಯಲ್ಲಿ ಶುರುವಾದಾಗ ತಿಂಗಳಿಗೆ 100 ರಿಯಾಲ್. ಮರುವರ್ಷ 200, ಅದರ ಮರುವರ್ಷ 300, 2020ರ ಜುಲೈಯಿಂದ 400. ನನಗೆ ನನ್ನದೇ ಇಕಾಮಾ ಇರುವುದರಿಂದ ನನ್ನ ತಲೆಗೆ ಇಲ್ಲ. ಮಕ್ಕಳಿಬ್ಬರೂ ಇವರ ಇಕಾಮಾದಲ್ಲಿದ್ದಾರೆ. ಒಬ್ಬರಿಗೆ ವರ್ಷಕ್ಕೆ 4,800. ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ಇಬ್ಬರಿಗೆ 9,600.

ನಮ್ಮ ಮಗಳು ಇಲ್ಲಿಗೆ ಬಂದದ್ದು 2017ರ ಮೇ ತಿಂಗಳು. ಫೀಸು ಶುರುವಾದದ್ದು ಜುಲೈ. ಆ ರಾತ್ರಿ ಸುಮ್ಮನೆ ಕೂಡಿಸಿ ನೋಡಿದೆ. ಈ ಜೂನ್‌ಗೆ ಅವಳೊಬ್ಬಳ ಲೆಕ್ಕ 36,000 ರಿಯಾಲ್ ಆಗ್ತದೆ. ನನಗೆ ಅದರ ಬಗ್ಗೆ ಬೇಸರ ಇಲ್ಲ. ಯಾಕೆ ಇಲ್ಲ ಅಂತ ನಮ್ಮ ಮನೆಯವರಿಗೆಲ್ಲ ಗೊತ್ತುಂಟು. ನಾನು 2015ರಲ್ಲಿ ಬರುವಾಗ ಅವಳಿಗೆ ಒಂದು ವರ್ಷ. ಅಮ್ಮನ ಕೈಗೆ ಕೊಟ್ಟು ಬಂದೆ. ಎರಡು ವರ್ಷ ಅವಳು ಅಮ್ಮನನ್ನೇ 'ಅಮ್ಮ' ಅಂತ ಕರೆದಳು, ನನ್ನನ್ನು 'ಫೋನಮ್ಮ' ಅಂತ. ಅದನ್ನು ಹೇಳಿ ಎಲ್ಲರೂ ನಗ್ತೀರಿ. ನಾನೂ ನಗ್ತೇನೆ. ಆದರೆ ಅವಳು ರಿಯಾದ್ ಏರ್‌ಪೋರ್ಟಿನಲ್ಲಿ ಇಳಿದು ನನ್ನ ಹತ್ತಿರ ಬಾರದೆ ಅಜ್ಜಿ ಎಲ್ಲಿ ಅಂತ ಹುಡುಕಿದ ಆ ಹತ್ತು ನಿಮಿಷ ಉಂಟಲ್ಲ, ಅದರ ಬಗ್ಗೆ ನಾನು ಈ ಡೈರಿಯಲ್ಲಿ ಇವತ್ತಿನವರೆಗೆ ಬರೆದಿಲ್ಲ.

2018, 2019ರಲ್ಲಿ ನಮ್ಮ ಬಿಲ್ಡಿಂಗಿನಿಂದ ಒಂದೊಂದೇ ಕುಟುಂಬ ಊರಿಗೆ ಹೋಯಿತು. ಗಂಡಸರು ಇಲ್ಲೇ ಉಳಿದು ನಾಲ್ಕು ಜನ ಸೇರಿ ಒಂದು ರೂಮ್ ಮಾಡಿಕೊಂಡರು. ನಮ್ಮ ಮೇಲಿನ ಮನೆಯ ಕಾಸರಗೋಡಿನ ಅಕ್ಕ ಹೋಗುವಾಗ ತನ್ನ ಕರಿಬೇವಿನ ಗಿಡದ ಕುಂಡ ನನಗೆ ಕೊಟ್ಟು ಹೋದರು, ಅದು ಈಗಲೂ ಬಾಲ್ಕನಿಯಲ್ಲಿ ಉಂಟು. ನಾವು ಎರಡು ಸಂಬಳ ಇರುವುದರಿಂದ ಹೇಗೋ ನಿಂತೆವು. ಬಾಡಿಗೆ ಏರಿಕೊಂಡೇ ಹೋಯಿತು. ಹೋದ ಸೆಪ್ಟೆಂಬರ್ 25ಕ್ಕೆ ರಿಯಾದಿನಲ್ಲಿ ಐದು ವರ್ಷ ಬಾಡಿಗೆ ಏರಿಸಬಾರದು ಅಂತ ಸರಕಾರ ಆದೇಶ ಮಾಡಿದಾಗ ಇವರು ಅಂಗಡಿಯಿಂದ ಜಿಲೇಬಿ ತಂದಿದ್ದರು. ಆ ಜಿಲೇಬಿ ತಿನ್ನುವಾಗ ಇನ್ನು ಐದು ವರ್ಷ ಚಿಂತೆ ಇಲ್ಲ ಅಂದುಕೊಂಡದ್ದು ನಾನು.

ಆದರೆ ಮಗಳು ಈ ಏಪ್ರಿಲ್‌ಗೆ ಎಂಟನೇ ಕ್ಲಾಸು. ಊರಿನ ಶಾಲೆಗೆ ಹಾಕುವುದಾದರೆ ಹೈಸ್ಕೂಲಿನ ಶುರುವಿಗೇ ಹಾಕಬೇಕು, ಒಂಬತ್ತು-ಹತ್ತರಲ್ಲಿ ಹಾಕಿದರೆ ಕಷ್ಟ, ಕನ್ನಡ ಓದಲಿಕ್ಕೆ ಬರೆಯಲಿಕ್ಕೂ ಒಂದು ವರ್ಷ ಬೇಕು ಅಂತ ಇವರ ವಾದ. ಮುಂದೆ ಪಿಯುಸಿ, ಕಾಲೇಜು ಅಂತ ಹೇಗೂ ಹೋಗಲೇಬೇಕು. ಅಜ್ಜಿ ಇದ್ದಾರೆ, ದೊಡ್ಡ ಮನೆ ಇದೆ. ಇದೆಲ್ಲ ಸರಿಯಾದ ಮಾತೇ. ನಾನು ನವೆಂಬರಿನಿಂದ "ನೋಡುವಾ, ನೋಡುವಾ" ಅಂತ ದಿನ ದೂಡುತ್ತಾ ಇದ್ದೆ. ಪಾರ್ಕಿನವರು ಕಾರ್ಡಿನಿಂದ ಹಣ ತೆಗೆದದ್ದರಿಂದ ಅದಕ್ಕೂ ಒಂದು ತಾರೀಕು ಬಂತು. ಒಂದು ಪಾಸಾ, ಎರಡು ಪಾಸಾ ಅಂತ ಹದಿನಾಲ್ಕರೊಳಗೆ ಹೇಳಬೇಕು. ಮಗಳಿಗೆ ಇದ್ಯಾವುದೂ ಗೊತ್ತಿಲ್ಲ ಅಂತ ನಾವು ತಿಳಿದಿದ್ದೆವು.

ನಿನ್ನೆ, ಫೆಬ್ರವರಿ 13, ಶುಕ್ರವಾರ. ಹಳೇ ಪಾಸಿನ ಕೊನೆಯ ದಿನ. ನಾಲ್ಕೂ ಜನ ಹೋದೆವು. ರಂಜಾನ್‌ಗೆ ಮೊದಲಿನ ಕೊನೆಯ ಶುಕ್ರವಾರ, ಕಾಲಿಡಲಿಕ್ಕೆ ಜಾಗ ಇಲ್ಲ. ಕೌಂಟರ್‌ನಲ್ಲಿ ಒಬ್ಬಳು ಸೌದಿ ಹುಡುಗಿ, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ನಾನು ಬಂದ ವರ್ಷ ಇಂಥ ಹುಡುಗಿಯನ್ನು ಪಾರ್ಕಿನ ಕೌಂಟರ್‌ನಲ್ಲಿ ನೋಡಲಿಕ್ಕೆ ಸಾಧ್ಯವೇ ಇರಲಿಲ್ಲ. ಆಗ ಕೆಲವು ಪಾರ್ಕ್‌ಗಳಲ್ಲಿ ಹೆಂಗಸರ ದಿನ ಬೇರೆ, ಗಂಡಸರ ದಿನ ಬೇರೆ. ಸಿನೆಮಾ ಥಿಯೇಟರ್ ಬಂದದ್ದು, ಹೆಂಗಸರಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದು ಎರಡೂ 2018ರಲ್ಲಿ. ಇವಳು ನನ್ನ ಕಾರ್ಡ್ ನೋಡಿ, ಅರಬಿ-ಇಂಗ್ಲಿಷ್ ಕಲಸಿ, "ಸಿಸ್ಟರ್, ಹಳೇ ಪಾಸ್ ಸಿಸ್ಟಮ್‌ನಲ್ಲಿ ಇಲ್ಲ, ಗೋಲ್ಡ್ ಅಥವಾ ಕ್ಯಾನ್ಸಲ್" ಅಂದಳು. ಅಷ್ಟು ದಿನ ಬಂದವರಿಗೆ ಹಳೇ ದರ ಕೊಡಬಹುದಿತ್ತಲ್ಲ ಅಂತ ಕೇಳಿದೆ. "ನನ್ನ ಅಮ್ಮನೂ ಇದನ್ನೇ ಕೇಳಿದ್ದು" ಅಂತ ನಕ್ಕಳು. ಅವಳ ಹತ್ತಿರ ಜಗಳ ಮಾಡಿ ಎಂತ ಪ್ರಯೋಜನ. "ಎರಡೂ ಇರಲಿ" ಅಂತ ಹೇಳಲಿಕ್ಕೆ ಬಾಯಿ ತೆರೆದೆ.

ಆಗ ಮಗಳು ನನ್ನ ಚೂಡಿದಾರದ ಶಾಲು ಹಿಡಿದು ಹೇಳಿದಳು, "ಅಮ್ಮಾ, ತಮ್ಮನದ್ದು ಮಾತ್ರ ಮಾಡು. ನಾನು ಹೇಗೂ ಇರುವುದಿಲ್ಲ ಅಲ್ವಾ."

ನಮ್ಮ ಹಿಂದೆ ಕ್ಯೂ. ಇವರು ನೆಲ ನೋಡಿದರು. ನಾನು ಆ ಹುಡುಗಿಯ ಹತ್ತಿರ ಎರಡು ನಿಮಿಷ ಅಂತ ಹೇಳಿ ಪಕ್ಕಕ್ಕೆ ಬಂದೆ.

ಅವಳಿಗೆ ಡಿಸೆಂಬರಿನಿಂದಲೇ ಗೊತ್ತಿತ್ತು. ಅಪ್ಪನ ಮೊಬೈಲಿನಲ್ಲಿ ಗೇಮ್ ಆಡುವಾಗ ಪುತ್ತೂರಿನ ಶಾಲೆಯ ಫೀಸಿನ ಚೀಟಿಯ ಫೋಟೊ ಸಿಕ್ಕಿತಂತೆ. "ನೀವು ಜಗಳ ಮಾಡುವುದು ಬೇಡ ಅಂತ ಕೇಳಲಿಲ್ಲ" ಅಂದಳು. ಅಳಲಿಲ್ಲ. "ಹೋಗಲಿಕ್ಕೆ ಬೇಜಾರು ಉಂಟು, ಇಲ್ಲ ಅಂತಲ್ಲ. ಆದರೆ ನನ್ನ ಹತ್ತಿರ ಕೇಳಲೇ ಇಲ್ಲ ಅಂತ ಹೆಚ್ಚು ಬೇಜಾರು." ಹನ್ನೊಂದು ವರ್ಷದ ಹುಡುಗಿ. ಡ್ಯೂಟಿಯಲ್ಲಿ ನಾನು ದಿನಕ್ಕೆ ಇಪ್ಪತ್ತು ಸಲ ಪೇಷಂಟ್‌ಗಳಿಗೆ ಸೂಜಿ ಹಾಕುವ ಮೊದಲು ಹೇಳ್ತೇನೆ, ಈಗ ಹೀಗೆ ಮಾಡ್ತೇನೆ, ಸ್ವಲ್ಪ ನೋವಾಗ್ತದೆ, ಆಗಬಹುದಾ ಅಂತ. ಮನೆಯಲ್ಲಿ ಮಗಳ ಹತ್ತಿರ ಕೇಳಲಿಕ್ಕೆ ಮರೆತೆ. ಮರೆತದ್ದಲ್ಲ, ಹೆದರಿದ್ದು.

ಮಗನಿಗೆ ಇದ್ಯಾವುದರ ಪರಿವೆಯೇ ಇಲ್ಲ, "ಕುದುರೆ ಖಾಲಿಯಾಯಿತು, ಖಾಲಿಯಾಯಿತು" ಅಂತ ಎಳೆಯುತ್ತಿದ್ದ. ಅವಳೇ ಅವನ ಕೈ ಹಿಡಿದು ಕರ್ಕೊಂಡು ಹೋದಳು. ಅವಳಿಗೆ ಕುದುರೆ ಎಲ್ಲ ಈಗ ಸಣ್ಣ ಮಕ್ಕಳ ಆಟ, ಆದರೂ ಅವನ ಪಕ್ಕದ ಕುದುರೆಯಲ್ಲಿ ಕಾಲು ಮಡಚಿ ಕೂತಳು.

ನಾನು ಮತ್ತೆ ಕೌಂಟರಿಗೆ ಹೋಗಿ ಅವಳ ಪಾಸ್ ಕ್ಯಾನ್ಸಲ್ ಮಾಡಿಸಿದೆ. 850 ರಿಯಾಲ್ ಹದಿನಾಲ್ಕು ದಿನದೊಳಗೆ ಕಾರ್ಡಿಗೆ ಬರುತ್ತದಂತೆ. ಮಗನದ್ದು ಗೋಲ್ಡ್ ಇಟ್ಟೆ. ಆ ಹುಡುಗಿ, "ಮಗಳು ದೊಡ್ಡವಳಾದಳು, ಅಲ್ವಾ" ಅಂದಳು. ಅವಳು ಹೇಳಿದ್ದು ವಯಸ್ಸಿನ ವಿಷಯ, ಪಾಸಿನ ಫಾರ್ಮಿನಲ್ಲಿ ಹುಟ್ಟಿದ ದಿನ ನೋಡಿ. ನಾನು ಹೌದು ಅಂದೆ.

ರಾತ್ರಿ ಮೂರೂ ಜನ ಕೂತು ಮಾತಾಡಿದೆವು, ಮಗ ಮಲಗಿದ್ದ. ಮಗಳು ಒಂದು ನೋಟ್‌ಬುಕ್ ತಂದಳು, ಅದರಲ್ಲಿ ಅವಳದ್ದೇ ಪ್ರಶ್ನೆಗಳ ಪಟ್ಟಿ. ಅಲ್ಲಿ ಅರಬಿ ಬದಲು ಎಂತ ಓದಬೇಕು? ಸೈಕಲ್ ತೆಗೆದು ಕೊಡ್ತೀರಾ? ಅಜ್ಜಿಗೆ ಮಂಡಿ ನೋವು, ನನ್ನ ಕೆಲಸ ಯಾರು ಮಾಡುವುದು? ವರ್ಷಕ್ಕೆ ಎಷ್ಟು ಸಲ ನೀವು ಬರ್ತೀರಿ? ಕೊನೆಯದಕ್ಕೆ ಇವರು ಎರಡು ಸಲ ಅಂದರು. ಅವಳು ಪೆನ್ಸಿಲ್‌ನಲ್ಲಿ 2 ಅಂತ ಬರೆದು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದಳು. ನಮ್ಮ ರಜೆಯ ಕಥೆ ಅವಳಿಗೆ ಗೊತ್ತಿಲ್ಲದ್ದಲ್ಲ.

ಸದ್ಯಕ್ಕೆ ತೀರ್ಮಾನ ಆದದ್ದು ಇಷ್ಟು. ಇಕಾಮಾದ ಫೀಸನ್ನು ಮೂರು ತಿಂಗಳಿಗೊಮ್ಮೆ ಕಟ್ಟುವ ಅವಕಾಶ 2021ರಿಂದ ಉಂಟು. ಹಾಗಾಗಿ ಮಾರ್ಚಿನಲ್ಲಿ ವರ್ಷದ ಬದಲು ಮೂರು ತಿಂಗಳಿಗೆ ಕಟ್ಟುವುದು, ಅವಳಿಗೆ 1,200. ಏಪ್ರಿಲ್‌ನಲ್ಲಿ ಇಲ್ಲಿಯ ಶಾಲೆಯಲ್ಲೇ ಎಂಟನೇ ಕ್ಲಾಸು ಶುರು ಮಾಡಲಿ. ಜಾತ್ರೆಯ ಹೊತ್ತಿಗೆ ಇವರು ಅವಳನ್ನು ಹತ್ತು ದಿನ ಊರಿಗೆ ಕರ್ಕೊಂಡು ಹೋಗಿ ಶಾಲೆ ತೋರಿಸುವುದು. ಅವಳು ನೋಡಿ ಬರಲಿ. ಮೇ ತಿಂಗಳಲ್ಲಿ ಅವಳನ್ನೇ ಕೂರಿಸಿಕೊಂಡು ಮಾತಾಡುವುದು. ಪುತ್ತೂರಿನವರೇ, ನಿಮ್ಮಲ್ಲಿ ಯಾರೂ ಅವಳ ಎದುರು "ಇನ್ನು ಇಲ್ಲೇ ಇರ್ತೀಯಲ್ಲ ಮಗಾ" ಅಂತ ಹೇಳಬೇಡಿ. ಇದನ್ನು ಬರೆಯುವ ಮುಖ್ಯ ಉದ್ದೇಶವೇ ಅದು. ಅಮ್ಮನಿಗೆ ನಾನು ಬೇರೆ ಫೋನ್ ಮಾಡ್ತೇನೆ.

ಇನ್ನು ಸಿಕ್ಸ್ ಫ್ಲ್ಯಾಗ್ಸ್. ಡಿಸೆಂಬರ್ 31ಕ್ಕೆ ಕಿದ್ದಿಯಾದಲ್ಲಿ ತೆರೆದಿದೆ, ರಿಯಾದಿನಿಂದ ಮುಕ್ಕಾಲು ಗಂಟೆಯ ದಾರಿ, ತುವೈಕ್ ಬೆಟ್ಟದ ಅಂಚಿನಲ್ಲಿ. ಅಲ್ಲಿ 'ಫಾಲ್ಕನ್ಸ್ ಫ್ಲೈಟ್' ಅಂತ ಒಂದು ರೋಲರ್ ಕೋಸ್ಟರ್ ಉಂಟು. ನಾಲ್ಕು ಕಿಲೋಮೀಟರಿಗಿಂತ ಉದ್ದ, 195 ಮೀಟರ್ ಎತ್ತರ, ಗಂಟೆಗೆ 250 ಕಿಲೋಮೀಟರ್ ವೇಗ. ಅಬುಧಾಬಿಯದ್ದು 240 ಇತ್ತು, ಅದನ್ನೂ ಮೀರಿಸಿದೆ. ಮಗಳು ಮೂರು ವರ್ಷದಿಂದ ಅದರ ಕಂಬ ಏಳುವ ವೀಡಿಯೊ ನೋಡ್ತಾ ಕಾಯ್ತಾ ಇದ್ದಾಳೆ. ಟಿಕೆಟ್ ಹನ್ನೆರಡು ವರ್ಷದವರೆಗೆ 275, ಹನ್ನೆರಡು ತುಂಬಿದರೆ 325. ಅವಳಿಗೆ ಹನ್ನೆರಡು ತುಂಬುವುದು ಮಾರ್ಚ್ ಕೊನೆಗೆ. ಮೊದಲು ಹೋದರೆ 50 ರಿಯಾಲ್ ಉಳಿಯುತ್ತದೆ ಅಂತ ನಾನು ಹೇಳಿದರೆ ಅವಳು ಒಪ್ಪಲಿಲ್ಲ. ಹುಟ್ಟಿದಹಬ್ಬದ ಮರುದಿನವೇ ಹೋಗಬೇಕಂತೆ, ದೊಡ್ಡವರ ಟಿಕೆಟ್ಟಿನಲ್ಲಿ. ಆಯಿತು ಅಂದೆ. ರದ್ದಾದ ಪಾಸಿನ ಹಣ ಅದಕ್ಕೇ ಇರಲಿ.

ಹೇಳಲಿಕ್ಕೆ ಮರೆತೆ. ನಿನ್ನೆ ಪಾರ್ಕಿನಿಂದ ಅಮ್ಮನಿಗೆ ಕಾಲ್ ಮಾಡಿದ್ದೆವು. ಎಂದಿನಂತೆ "ಎಂತ, ಜಾತ್ರೆಯಾ?" ಅಂತ ಕೇಳಿದರು. ಮಗಳು ಫೋನ್ ಕಿತ್ತುಕೊಂಡು, "ಅಜ್ಜೀ, ಪುತ್ತೂರು ಜಾತ್ರೆಯ ತೊಟ್ಟಿಲಿಗೆ ವರ್ಷದ ಪಾಸ್ ಉಂಟಾ?" ಅಂತ ಕೇಳಿದಳು. ಅಮ್ಮ ಸ್ವಲ್ಪ ಯೋಚನೆ ಮಾಡಿ, "ಪಾಸೆಲ್ಲ ಇಲ್ಲ ಮಗಾ. ನೀನು ಬಾ, ಹಣ ನಾನು ಕೊಡ್ತೇನೆ" ಅಂದರು.